ಪರದೇಶದಲ್ಲಿ ರಾಯಭಾರ ಕಚೇರಿ: ಏನು ಮಾಡಬಹುದು, ಎಲ್ಲಿ ನಿಲ್ಲಬೇಕು

(ಧಾರವಾಡದಲ್ಲಿ ಪದವಿ ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೆ, ವಿದ್ಯಾರ್ಥಿ ಮಿತ್ರರೆ,

ಧಾರವಾಡದಲ್ಲಿ ನಿಂತು ರಾಯಭಾರ ಕಚೇರಿಗಳ ಬಗ್ಗೆ ಮಾತಾಡುವಾಗ ನನಗೆ ಮೊದಲು ನೆನಪಾಗುವವನು ಥ್ಯಾಕರೆ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಸತ್ತ ಸೇಂಟ್ ಜಾನ್ ಥ್ಯಾಕರೆ. ಶಾಲೆಯಲ್ಲಿ ನಾವು ಅವನನ್ನು ಧಾರವಾಡದ ಕಲೆಕ್ಟರ್ ಎಂದಷ್ಟೇ ಓದಿದ್ದೇವೆ. ಅವನಿಗೆ ಇನ್ನೊಂದು ಹುದ್ದೆಯೂ ಇತ್ತು, ಪೊಲಿಟಿಕಲ್ ಏಜೆಂಟ್. ಅಂದರೆ ಕಿತ್ತೂರು ಸಂಸ್ಥಾನದ ಜೊತೆ ಕಂಪನಿಯ ಪರವಾಗಿ ವ್ಯವಹರಿಸಬೇಕಾದವನು. ಶಿವಲಿಂಗರುದ್ರ ಸರ್ಜ ತೀರಿಕೊಂಡ ಮೇಲೆ ಈ ಏಜೆಂಟ ಮಾಡಿದ್ದೇನು? ದತ್ತು ಮಗನಿಗೆ ಮಾನ್ಯತೆ ಇಲ್ಲ ಎಂದ, ಖಜಾನೆಗೆ ಮುದ್ರೆ ಒತ್ತಿಸಿದ, ಕೊನೆಗೆ ತೋಪು ತಂದು ಬಾಗಿಲಲ್ಲಿ ನಿಂತ. ಮುಂದಿನದು ನಿಮಗೆ ಗೊತ್ತಿದೆ.

ಒಂದು ರಾಜ್ಯದ ಪ್ರತಿನಿಧಿ ಇನ್ನೊಂದು ರಾಜ್ಯದೊಳಗೆ ಹೇಗಿರಬಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಹೈದರಾಬಾದು, ಮೈಸೂರು, ಎಲ್ಲ ಕಡೆಯ ರೆಸಿಡೆಂಟರೂ, ಅಂದರೆ ಸಂಸ್ಥಾನಗಳಲ್ಲಿ ಕಂಪನಿ ಕೂರಿಸಿದ್ದ ಪ್ರತಿನಿಧಿಗಳೂ, ಇದೇ ಜಾಯಮಾನದವರು. ಹೆಸರಿಗೆ ದೂತರು, ಕೆಲಸಕ್ಕೆ ಒಡೆಯರು. ಇಂದಿನ ರಾಯಭಾರ ಪದ್ಧತಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಏಜೆಂಟ-ರೆಸಿಡೆಂಟರನ್ನು ಎದುರಿಗೆ ಇಟ್ಟುಕೊಂಡು ನೋಡಬೇಕು. ಇಂದಿನ ರಾಯಭಾರಿ ಅವರಿಗೆ ಪೂರ್ತಿ ತದ್ವಿರುದ್ಧವಾದ ನಿಯಮದ ಮೇಲೆ ಬದುಕುತ್ತಾನೆ. ಅವನು ಅಲ್ಲಿರುವುದೇ ಆತಿಥೇಯ ದೇಶದ ಒಪ್ಪಿಗೆಯಿಂದ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಒಪ್ಪಿಗೆಯ ಸುತ್ತಲೇ ಇದೆ.

ದೂತರು ನಮ್ಮ ನಾಡಿಗೆ ಹೊಸಬರಲ್ಲ. 1443ರಲ್ಲಿ ತೈಮೂರ್ ವಂಶದ ಶಾರುಖನ ದೂತ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದು ಎರಡನೇ ದೇವರಾಯನ ಆಸ್ಥಾನ ಕಂಡು ಹೋದ. ಟಿಪ್ಪು ಸುಲ್ತಾನ 1786ರಲ್ಲಿ ಇಸ್ತಾಂಬುಲಿಗೆ ರಾಯಭಾರಿಗಳನ್ನು ಕಳಿಸಿದ. ಅವನ ಇನ್ನೊಂದು ತಂಡ 1788ರಲ್ಲಿ ಫ್ರಾನ್ಸಿನ ಹದಿನಾರನೇ ಲೂಯಿಯ ಎದುರು ನಿಂತಿತ್ತು. ಆದರೆ ಇವರೆಲ್ಲ ಬಂದು ಹೋಗುವ ದೂತರು. ಕಾಣಿಕೆ ಕೊಟ್ಟು, ಮಾತಾಡಿ, ಉತ್ತರ ತೆಗೆದುಕೊಂಡು ಹಡಗು ಹತ್ತುವವರು. ವರ್ಷಾನುಗಟ್ಟಲೆ ಅಲ್ಲೇ ಕಚೇರಿ ತೆರೆದು ಕೂರುವುದು ಬೇರೆಯೇ ಸಂಗತಿ. ಹಾಗೆ ಕೂತವನಿಗೆ ಹಕ್ಕೇನು, ಅಂಕೆಯೇನು ಎಂಬುದನ್ನು ಜಗತ್ತಿನ ದೇಶಗಳೆಲ್ಲ ಒಂದೇ ಕಡೆ ಬರೆದಿಟ್ಟದ್ದು 1961ರಲ್ಲಿ, ವಿಯೆನ್ನಾದಲ್ಲಿ. ಅದೇ ರಾಜತಾಂತ್ರಿಕ ಸಂಬಂಧಗಳ ವಿಯೆನ್ನಾ ಒಪ್ಪಂದ. ಒಟ್ಟು 53 ವಿಧಿಗಳು. 1964ರಿಂದ ಜಾರಿಯಲ್ಲಿದೆ.

ಒಪ್ಪಂದದ ಎರಡನೇ ವಿಧಿಯೇ ಹೇಳುತ್ತದೆ, ಪರಸ್ಪರ ಒಪ್ಪಿಗೆಯಿಲ್ಲದೆ ಸಂಬಂಧವೂ ಇಲ್ಲ, ಕಚೇರಿಯೂ ಇಲ್ಲ. ನಾಲ್ಕನೆಯದರ ಪ್ರಕಾರ ರಾಯಭಾರಿಯ ಹೆಸರನ್ನು ಮೊದಲು ಆ ದೇಶಕ್ಕೆ ಗುಟ್ಟಾಗಿ ಕಳಿಸಿ ಕೇಳಬೇಕು. ಬೇಡ ಎಂದರೆ ಬೇಡ. ಯಾಕೆ ಬೇಡ ಎಂದು ಹೇಳುವ ಹಂಗು ಅವರಿಗಿಲ್ಲ. ಒಂಬತ್ತನೇ ವಿಧಿ ಇನ್ನೂ ಮುಂದೆ ಹೋಗುತ್ತದೆ. ಬಂದು ಕೂತ ಮೇಲೂ, ಯಾವ ಗಳಿಗೆಯಲ್ಲಾದರೂ, ಕಾರಣ ಕೊಡದೆ ‘ಈ ವ್ಯಕ್ತಿ ನಮಗೆ ಬೇಡ’ ಎಂದು ಹೊರಡಿಸಬಹುದು. 41ನೇ ವಿಧಿಯಂತೆ ಆತಿಥೇಯ ದೇಶದ ಕಾನೂನಿಗೆ ಅವನು ತಲೆಬಾಗಬೇಕು, ಅಲ್ಲಿನ ಒಳಗಿನ ವ್ಯವಹಾರದಲ್ಲಿ ಕೈಹಾಕಬಾರದು. ಈ ನಿಯಮಗಳನ್ನು ಓದುವಾಗೆಲ್ಲ ನನಗೆ ಕಿತ್ತೂರಿನ ಖಜಾನೆಯ ಮೇಲಿನ ಮುದ್ರೆ ಕಣ್ಣಿಗೆ ಬರುತ್ತದೆ. ವಸಾಹತುಗಳಾಗಿದ್ದು ಬಿಡುಗಡೆಯಾದ ನಮ್ಮಂಥ ದೇಶಗಳಿಗೆ 41ನೇ ವಿಧಿ ಒಣ ಕಾನೂನಲ್ಲ, ಅನುಭವಿಸಿ ಕಲಿತದ್ದು.

ಈಗ ಬಹಳ ಜನ ನಂಬಿರುವ ಒಂದು ಮಾತನ್ನು ತೆಗೆದುಕೊಳ್ಳೋಣ. ರಾಯಭಾರ ಕಚೇರಿಯ ಕಾಂಪೌಂಡಿನೊಳಗಿನ ನೆಲ ಆ ದೇಶದ್ದೇ ಆಗಿಬಿಡುತ್ತದೆ, ದಿಲ್ಲಿಯ ಚಾಣಕ್ಯಪುರಿಯಲ್ಲಿ ಗೇಟು ದಾಟಿದರೆ ಅಮೆರಿಕಕ್ಕೆ ಕಾಲಿಟ್ಟಂತೆ ಎಂದು. ಇದು ನಿಜವಲ್ಲ. ನೆಲ ಭಾರತದ್ದೇ, ಕಾನೂನೂ ಭಾರತದ್ದೇ. 22ನೇ ವಿಧಿ ಕೊಡುವುದು ಬೇರೆ: ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ನಮ್ಮ ಪೊಲೀಸರು ಒಳಗೆ ಹೋಗುವಂತಿಲ್ಲ, ಹೊರಗಿನ ದಾಳಿಯಿಂದ ಅದನ್ನು ಕಾಯುವ ಹೊಣೆ ಮಾತ್ರ ನಮ್ಮದು. ಅಂದರೆ ಇಲ್ಲೂ ಎರಡು ಒಪ್ಪಿಗೆಗಳಿವೆ. ನಮ್ಮ ದೇಶದಲ್ಲಿರಲು ನಾವು ಅವರಿಗೆ ಕೊಟ್ಟದ್ದು ಒಂದು, ಅವರ ಬಾಗಿಲು ದಾಟಲು ನಾವು ಅವರಿಂದ ಪಡೆಯಬೇಕಾದದ್ದು ಇನ್ನೊಂದು.

ಈ ನಿಯಮಕ್ಕೆ ತೆರಬೇಕಾದ ಬೆಲೆ ಎಷ್ಟು ಭಾರವಾದದ್ದು ಎಂಬುದಕ್ಕೆ ಲಂಡನ್ನಿನ ಪ್ರಸಂಗ ಇದೆ. 1984ರ ಏಪ್ರಿಲ್ 17ರಂದು ಸೇಂಟ್ ಜೇಮ್ಸ್ ಸ್ಕ್ವೇರಿನಲ್ಲಿ ಲಿಬಿಯಾದ ರಾಯಭಾರ ಕಚೇರಿ ಎದುರು ಪ್ರತಿಭಟನೆ ನಡೆದಿತ್ತು. ಒಳಗಿನಿಂದ ಗುಂಡು ಹಾರಿತು. ಬಂದೋಬಸ್ತಿಗೆ ನಿಂತಿದ್ದ ತರುಣಿ ಪೊಲೀಸ್ ಕಾನ್‌ಸ್ಟೆಬಲ್ ಇವಾನ್ ಫ್ಲೆಚರ್ ಸತ್ತರು. ತಮ್ಮದೇ ರಾಜಧಾನಿಯಲ್ಲಿ, ತಮ್ಮದೇ ಪೊಲೀಸರ ಹೆಣ ಬಿದ್ದಾಗಲೂ ಬ್ರಿಟನ್ ಆ ಕಟ್ಟಡಕ್ಕೆ ನುಗ್ಗಲಿಲ್ಲ. ಸುತ್ತುವರಿದು ಕೂತಿತು, ಸಂಬಂಧ ಕಡಿದುಕೊಂಡಿತು, ಕೊನೆಗೆ ಒಳಗಿದ್ದವರನ್ನು ವಿಮಾನ ಹತ್ತಿಸಿ ಕಳಿಸಿತು. ಅನ್ಯಾಯ ಅನಿಸುತ್ತದೆ. ನನಗೂ ಅನಿಸುತ್ತದೆ. ಆದರೆ ಅದೇ ಹೊತ್ತಿನಲ್ಲಿ ಟ್ರಿಪೊಲಿಯಲ್ಲಿ ಬ್ರಿಟನ್ನಿನ ರಾಯಭಾರ ಕಚೇರಿ ಇತ್ತು, ಅದರಲ್ಲಿ ಬ್ರಿಟಿಷ್ ಜನ ಇದ್ದರು. ಇಲ್ಲಿ ಬಾಗಿಲು ಒಡೆದರೆ ಅಲ್ಲಿ ಏನಾಗುತ್ತದೆ? ನಿಯಮ ಮುರಿದಾಗ ಏನಾಗುತ್ತದೆ ಎಂಬುದನ್ನು ಟೆಹರಾನ್ ಅದಕ್ಕೂ ಮೊದಲೇ ತೋರಿಸಿತ್ತು. 1979ರ ನವೆಂಬರ್ 4ರಂದು ಅಮೆರಿಕದ ಕಚೇರಿಗೆ ಜನ ನುಗ್ಗಿದರು. 52 ಜನ 444 ದಿನ ಒತ್ತೆಯಾಳುಗಳಾಗಿದ್ದರು. ಕಾಯಬೇಕಾದ ಸರ್ಕಾರವೇ ನುಗ್ಗಿದವರ ಬೆನ್ನಿಗೆ ನಿಂತದ್ದು ಅಲ್ಲಿನ ದೊಡ್ಡ ಅಪರಾಧ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1980ರಲ್ಲಿ ಇರಾನನ್ನು ಹೊಣೆ ಮಾಡಿತು.

ಇನ್ನು ಕೆಲಸದ ಮಾತು. ‘ಸರ, ಎಂಬೆಸಿ ಅಂದ್ರ ವೀಸಾ ಕೊಡೋ ಆಫೀಸ್ ಅಲ್ಲೇನ್ರಿ?’ ಎಂದು ಕೇಳುವ ಹುಡುಗರು ಪ್ರತಿ ವರ್ಷ ಇರುತ್ತಾರೆ. ಅವರ ತಪ್ಪಲ್ಲ. ವಿದೇಶಕ್ಕೆ ಓದಲು ಹೋಗುವ ಹುಬ್ಬಳ್ಳಿ-ಧಾರವಾಡದವರಿಗೆ ಕಂಡದ್ದು ಚೆನ್ನೈ, ಹೈದರಾಬಾದಿನ ಸಂದರ್ಶನದ ಕಿಟಕಿ ಮಾತ್ರ. ಆದರೆ ವೀಸಾ ಆ ಕೆಲಸದ ಒಂದು ತುದಿ. ಮೂರನೇ ವಿಧಿ ಐದು ಕೆಲಸಗಳನ್ನು ಹೇಳುತ್ತದೆ. ತನ್ನ ದೇಶವನ್ನು ಪ್ರತಿನಿಧಿಸುವುದು, ತನ್ನ ದೇಶದ ಮತ್ತು ಜನರ ಹಿತ ಕಾಯುವುದು, ಸಂಧಾನ ಮಾಡುವುದು, ಅಲ್ಲಿನ ಸ್ಥಿತಿಗತಿ ತಿಳಿದು ವರದಿ ಕಳಿಸುವುದು, ಸ್ನೇಹ ಬೆಳೆಸುವುದು. ವರದಿಯ ವಿಷಯದಲ್ಲಿ ‘ಕಾನೂನುಬದ್ಧ ಮಾರ್ಗಗಳಿಂದ’ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದಾರೆ. ಪತ್ರಿಕೆ ಓದು, ಶಾಸಕರನ್ನು ಕಾಣು, ರೈತರನ್ನು ಮಾತಾಡಿಸು, ಕಳ್ಳದಾರಿ ಹಿಡಿಯಬೇಡ.

ಪ್ರತಿನಿಧಿಸುವುದು ಎಂಬ ಮೊದಲ ಕೆಲಸಕ್ಕೆ ನಮ್ಮೂರಿನ ನಂಟೂ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ಹೊರದೇಶಗಳ ನಮ್ಮ ರಾಯಭಾರ ಕಚೇರಿಗಳ ಮೇಲೆ ಹಾರುವುದೂ ಇಲ್ಲಿಯದೇ. ಕಟ್ಟಡದ ಮೇಲಿನದು ದೊಡ್ಡದು. ರಾಯಭಾರಿಯ ಕಾರಿಗೆ ಕಟ್ಟುವುದು 225 ಮಿಲಿಮೀಟರ್ ಉದ್ದ, 150 ಮಿಲಿಮೀಟರ್ ಅಗಲ, ಹೆಚ್ಚುಕಡಿಮೆ ಒಂದು ಗೇಣು ಉದ್ದ, ಅಷ್ಟೇ. ಅಷ್ಟು ಚಿಕ್ಕದರಲ್ಲೂ ಚಕ್ರದ 24 ಅರಗಳು ಎರಡೂ ಬದಿಗೆ ಸರಿಯಾಗಿ ಮೂಡಬೇಕು; ಇಲ್ಲವಾದರೆ ತಪಾಸಣೆಯಲ್ಲಿ ಅದು ತಿರಸ್ಕಾರವಾಗುತ್ತದೆ. ಪರದೇಶದ ರಸ್ತೆಯಲ್ಲಿ ಆ ಧ್ವಜ ಹಾರಿಸುವ ಹಕ್ಕೂ ಒಪ್ಪಂದದಿಂದಲೇ ಬಂದದ್ದು, 20ನೇ ವಿಧಿಯಿಂದ. ನೀವಿನ್ನೂ ನೋಡಿಲ್ಲವಾದರೆ ಬೆಂಗೇರಿಗೆ ಹೋಗಿ ಬನ್ನಿ. ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಸಂಧಾನ ಎಂದ ಕೂಡಲೇ ನಮಗೆ ಯುದ್ಧ, ಗಡಿ, ಪ್ರಧಾನಿಗಳ ಕೈಕುಲುಕು ನೆನಪಾಗುತ್ತದೆ. ನಾನು ಮಾವಿನಹಣ್ಣಿನ ಮಾತು ಹೇಳುತ್ತೇನೆ. ಕೆಲಗೇರಿ ಕಡೆಯ ತೋಟದವರಿಗೆ ಇದು ನೆನಪಿರಬೇಕು. 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವನ್ನು ನಿಷೇಧಿಸಿತು. ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವು. ಹಿಂದಿನ ವರ್ಷ ಭಾರತದಿಂದ ಹೋದ 207 ಸರಕುಗಳಲ್ಲಿ ಹಣ್ಣುನೊಣ ಮತ್ತಿತರ ಕೀಟ ಸಿಕ್ಕಿದ್ದವು. ಮೇ ತಿಂಗಳು ಅಂದರೆ ಆಪೂಸ ಹಣ್ಣಿನ ಭರ್ತಿ ಸುಗ್ಗಿ. ಹೊರಗೆ ಹೋಗಬೇಕಾದ ಮಾಲು ಒಳಗೇ ಉಳಿದರೆ ಪೇಟೆಯ ದರ ಎಲ್ಲಿಗೆ ಇಳಿಯುತ್ತದೆ ಎಂದು ಮಾವು ಬೆಳೆಯುವವರಿಗೆ ಯಾರೂ ಕಲಿಸಬೇಕಿಲ್ಲ.

ಇಂಥ ಹೊತ್ತಿನಲ್ಲಿ ಬ್ರಸೆಲ್ಸಿನ ನಮ್ಮ ರಾಯಭಾರ ಕಚೇರಿಗೆ ಕೆಲಸ ಬೀಳುತ್ತದೆ. ಬೆಲ್ಜಿಯಂ, ಲಕ್ಸೆಂಬರ್ಗ್, ಐರೋಪ್ಯ ಒಕ್ಕೂಟ, ಮೂರಕ್ಕೂ ಅದೊಂದೇ ಕಚೇರಿ. ‘ನಿಷೇಧ ತೆಗೆಯಿರಿ’ ಎಂದು ಜೋರು ಮಾಡುವ ಹಕ್ಕು ಅದಕ್ಕಿಲ್ಲ. ನೊಣ ಸಿಕ್ಕಿದ್ದೂ ನಿಜ. ಅವರ ತಜ್ಞರು ಏನು ಕೇಳುತ್ತಿದ್ದಾರೆ, ಯಾವ ಸಮಿತಿ ಯಾವಾಗ ಸೇರುತ್ತದೆ, ಬಿಸಿನೀರಿನ ಸಂಸ್ಕರಣೆ ಮಾಡಿದರೆ ಒಪ್ಪುತ್ತಾರೋ, ಹಣ್ಣು ಆರಿಸಿ ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿನಲ್ಲಿ ನಮ್ಮ ಅಧಿಕಾರಿಗಳ ತಪಾಸಣೆ ಸಾಕೋ, ಇವನ್ನೆಲ್ಲ ತಿಳಿದು ದಿಲ್ಲಿಗೆ ಬರೆಯುವುದು, ದಿಲ್ಲಿಯ ಉತ್ತರವನ್ನು ಅವರ ಮೇಜಿಗೆ ಮುಟ್ಟಿಸುವುದು ಅದರ ಪಾಲಿನ ಕೆಲಸ. ಪ್ಯಾಕ್‌ಹೌಸ್ ವ್ಯವಸ್ಥೆ ಇಲ್ಲಿ ಬಿಗಿಯಾಯಿತು, ಅವರ ತಪಾಸಣೆಯ ತಂಡ ಬಂದು ನೋಡಿತು. 2015ರ ಜನವರಿಯಲ್ಲಿ, ಮುಂದಿನ ಸುಗ್ಗಿಗೆ ಮೊದಲೇ, ಮಾವಿನ ನಿಷೇಧ ಹಿಂದೆಗೆಯುವ ತೀರ್ಮಾನ ಬಂತು. ಮೂಲತಃ 2015ರ ಕೊನೆಯವರೆಗೆ ಇರಬೇಕಾಗಿದ್ದದ್ದು ಅದು. ಒಂದು ಪೂರ್ತಿ ಸುಗ್ಗಿ ಉಳಿಯಿತು. ಯಾವ ಚಾನೆಲ್ಲೂ ಇದನ್ನು ರಾಜತಾಂತ್ರಿಕ ಗೆಲುವು ಎಂದು ಹಾಡಿ ಹೊಗಳಲಿಲ್ಲ. ನನ್ನ ಲೆಕ್ಕದಲ್ಲಿ ಇಂಥ ಕೆಲಸವೇ ನಿಜವಾದ ರಾಯಭಾರ.

ಇನ್ನು ಜನರ ಹಿತ ಕಾಯುವ ಕೆಲಸ. ಇದಕ್ಕೆ ಇನ್ನೊಂದು ಒಪ್ಪಂದವೇ ಇದೆ, 1963ರ ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದ. ಗದಗ, ಹಾವೇರಿ ಕಡೆಯ ಹಳ್ಳಿಯಿಂದ ಕೊಲ್ಲಿಗೆ ದುಡಿಯಲು ಹೋದವನೊಬ್ಬ ಅಲ್ಲಿ ತೀರಿಕೊಂಡ ಎಂದಿಟ್ಟುಕೊಳ್ಳಿ. ಮನೆಯವರಿಗೆ ಫೋನ್ ಬರುತ್ತದೆ, ದುಃಖದ ನಡುವೆ ಕಾಗದ ಶುರುವಾಗುತ್ತದೆ. ಅಲ್ಲಿನ ಆಸ್ಪತ್ರೆಯ ವರದಿ, ಅಪಘಾತವಾಗಿದ್ದರೆ ಪೊಲೀಸರ ವರದಿ, ಮರಣ ಪ್ರಮಾಣಪತ್ರ, ಶವ ಊರಿಗೆ ತರಬೇಕೋ ಅಲ್ಲೇ ಮಣ್ಣು ಮಾಡಬೇಕೋ ಎಂಬುದಕ್ಕೆ ಮನೆಯವರ ಒಪ್ಪಿಗೆ ಪತ್ರ. ಇವೆಲ್ಲ ಬಂದ ಮೇಲೆ ನಮ್ಮ ರಾಯಭಾರ ಕಚೇರಿ ಪಾಸ್‌ಪೋರ್ಟ್ ರದ್ದು ಮಾಡಿ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಶವ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ ಇಲ್ಲದೆ ವಿಮಾನದವರು ಮುಟ್ಟುವುದಿಲ್ಲ. ಯಾವ ಕಾಗದ ತಡವಾದರೂ ಶವ ಶವಾಗಾರದಲ್ಲೇ ಉಳಿಯುತ್ತದೆ. ಖರ್ಚಿಗೆ ದಿಕ್ಕಿಲ್ಲದವರಿಗಾಗಿ 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ದೂರು ದಾಖಲಿಸಲು ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ 2015ರಿಂದ ಇದೆ. ಈ ಎರಡು ಹೆಸರುಗಳನ್ನು ದಯವಿಟ್ಟು ಬರೆದುಕೊಳ್ಳಿ. ದಲ್ಲಾಳಿಯ ಮನೆ ಬಾಗಿಲಿಗೆ ಅಲೆಯುವ ಕುಟುಂಬಗಳಿಗೆ ಇವು ಗೊತ್ತೇ ಇರುವುದಿಲ್ಲ.

ಸಂಬಳ ಕೊಡದ ಮಾಲೀಕನಿಗೆ ಎಂಬೆಸಿಯವರು ಯಾಕೆ ಬುದ್ಧಿ ಕಲಿಸುವುದಿಲ್ಲ ಎಂದು ಕೇಳುತ್ತಾರೆ. ಕಲಿಸಲಾರರು. ಅವನಿಗೆ ನೋಟಿಸು ಕೊಡುವ ಅಧಿಕಾರ ಅಲ್ಲಿನ ಕಾರ್ಮಿಕ ಇಲಾಖೆಗೆ, ಅಲ್ಲಿನ ಕೋರ್ಟಿಗೆ. ನಮ್ಮ ಅಧಿಕಾರಿ ಆ ಇಲಾಖೆಯ ಬಾಗಿಲು ತಟ್ಟಬಹುದು, ವಕೀಲರನ್ನು ಹುಡುಕಿ ಕೊಡಬಹುದು, ಅನುವಾದಕರನ್ನು ಕೊಡಬಹುದು. ಬಾಗಿಲು ತೆರೆಯುವುದು ಅವನು ವರ್ಷಗಟ್ಟಲೆ ಆ ಇಲಾಖೆಯವರ ಜೊತೆ ಹೇಗೆ ನಡೆದುಕೊಂಡಿದ್ದಾನೆ ಎಂಬುದರ ಮೇಲೆ. ಕತಾರ್‌ನಲ್ಲಿ ನಮ್ಮ ನೌಕಾಪಡೆಯ ಎಂಟು ಮಂದಿ ನಿವೃತ್ತರಿಗೆ 2023ರ ಅಕ್ಟೋಬರಿನಲ್ಲಿ ಮರಣದಂಡನೆಯಾಯಿತು. ಟಿವಿಯಲ್ಲಿ ಗದ್ದಲವೋ ಗದ್ದಲ. ರಾಯಭಾರ ಕಚೇರಿ ಮಾತ್ರ ಸದ್ದಿಲ್ಲದೆ ಜೈಲಿಗೆ ಹೋಗಿ ಅವರನ್ನು ಕಂಡಿತು, ಮೇಲ್ಮನವಿಗೆ ಬೆನ್ನಾಗಿ ನಿಂತಿತು. ಡಿಸೆಂಬರಿನಲ್ಲಿ ಶಿಕ್ಷೆ ಇಳಿಯಿತು, 2024ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಕಚೇರಿಯೊಂದರಿಂದಲೇ ಆದದ್ದಲ್ಲ, ದೇಶದ ಮುಖ್ಯಸ್ಥರ ಮಟ್ಟದಲ್ಲೂ ಮಾತಾಯಿತು. ಆದರೂ ಆ ಕಚೇರಿ ಗಟ್ಟಿ ಗಂಟಲಿನಲ್ಲಿ ಅಲ್ಲಿನ ನ್ಯಾಯಾಲಯವನ್ನು ಬೈದಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಉಕ್ರೇನಿನ ಮಾತು ಆಡದೆ ಈ ಭಾಗದಲ್ಲಿ ಈ ವಿಷಯ ಮುಗಿಯುವುದಿಲ್ಲ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ. ಊಟದ ಸಾಮಾನು ತರಲು ಹೊರಗೆ ಹೋಗಿದ್ದ. ಪಾರ್ಥಿವ ಶರೀರ ಬೆಂಗಳೂರು ಮುಟ್ಟಿದ್ದು ಮಾರ್ಚ್ 21ಕ್ಕೆ. ಆಗ ‘ಎಂಬೆಸಿ ಏನ ಮಾಡಾಕ್ಹತ್ತಿತ್ತು?’ ಎಂದು ಕೇಳದ ಮನೆ ಈ ಜಿಲ್ಲೆಗಳಲ್ಲಿ ಇರಲಿಲ್ಲ. ಆ ಪ್ರಶ್ನೆಗೆ ನೆಟ್ಟಗೆ ಉತ್ತರಿಸಬೇಕು.

ಫೆಬ್ರುವರಿ 15ರಂದೇ ಕೀವ್‌ನ ನಮ್ಮ ಕಚೇರಿ ‘ಇರಲೇಬೇಕಾದ ಅಗತ್ಯ ಇಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ದೇಶ ಬಿಡುವುದನ್ನು ಯೋಚಿಸಿ’ ಎಂಬರ್ಥದ ಸೂಚನೆ ಕೊಟ್ಟಿತ್ತು. ಮಕ್ಕಳು ಕಾದರು, ಯಾಕೆಂದರೆ ವಿಶ್ವವಿದ್ಯಾಲಯಗಳು ಆನ್‌ಲೈನ್ ಪಾಠಕ್ಕೆ ಒಪ್ಪಿರಲಿಲ್ಲ, ಹಾಜರಿ ಹೋದರೆ ವರ್ಷ ಹೋಗುತ್ತದೆ. 22ರಂದು ಕಚೇರಿ, ವಿಶ್ವವಿದ್ಯಾಲಯದ ಖಚಿತ ಮಾತಿಗೆ ಕಾಯಬೇಡಿ, ಹೊರಡಿ ಎಂದಿತು. 24ಕ್ಕೆ ಯುದ್ಧ ಶುರುವಾಯಿತು, ಆಕಾಶ ಮುಚ್ಚಿತು. ಆಗ ಅಲ್ಲಿ ಸುಮಾರು 20 ಸಾವಿರ ಭಾರತೀಯರಿದ್ದರು. ಮೊದಲ ಸೂಚನೆಯಲ್ಲೇ ‘ಯೋಚಿಸಿ’ ಎನ್ನುವ ಬದಲು ‘ಹೊರಡಿ’ ಎನ್ನಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಇನ್ನೊಂದು ಮಗ್ಗುಲೂ ಇದೆ. ಯುದ್ಧ ಆಗುವುದಿಲ್ಲ ಎಂದು ಆತಿಥೇಯ ದೇಶವೇ ತನ್ನ ಜನರಿಗೆ ಧೈರ್ಯ ಹೇಳುತ್ತಿರುವಾಗ, ಅಲ್ಲಿ ಕೂತ ವಿದೇಶಿ ಕಚೇರಿ ‘ಓಡಿ’ ಎಂದು ಡಂಗುರ ಹೊಡೆಯುವುದು ಸುಲಭವಲ್ಲ.

ಯುದ್ಧ ಶುರುವಾದ ಮೇಲೆ ಆ ಕಚೇರಿಯ ಕೈಯಲ್ಲಿ ಏನಿತ್ತು? ರೈಲು ಉಕ್ರೇನಿನದು, ರಸ್ತೆ ಉಕ್ರೇನಿನದು, ಶೆಲ್ ರಷ್ಯಾದ್ದು. ಮಾರ್ಚ್ 2ರಂದು ಖಾರ್ಕಿವ್‌ನಲ್ಲಿದ್ದವರಿಗೆ, ಬಸ್ಸು ರೈಲು ಸಿಗದಿದ್ದರೆ ನಡೆದಾದರೂ ಸರಿ, ಸಂಜೆ 6 ಗಂಟೆಯೊಳಗೆ ಪೆಸೋಚಿನ್, ಬಾಬಾಯ್, ಬೆಜ್ಲ್ಯುಡೊವ್ಕಾ ಮುಟ್ಟಿ ಎಂದು ಸೂಚನೆ ಬಂತು. ಒಂದು ಸರ್ಕಾರಿ ಕಚೇರಿ ತನ್ನ ಮಕ್ಕಳಿಗೆ ‘ನಡೆದುಕೊಂಡು ಹೋಗಿ’ ಎಂದು ಹೇಳಬೇಕಾಗಿ ಬಂದ ಆ ಸ್ಥಿತಿಯನ್ನು ಊಹಿಸಿಕೊಳ್ಳಿ. ಸುಮಿಯಲ್ಲಿ ಸಿಕ್ಕಿಬಿದ್ದಿದ್ದ ಸುಮಾರು 700 ವಿದ್ಯಾರ್ಥಿಗಳನ್ನು ಮಾರ್ಚ್ 8ರಂದು ಬಸ್ಸಿನಲ್ಲಿ ಪೋಲ್ತಾವಾಕ್ಕೆ ತಂದದ್ದು ಮಾಸ್ಕೋ ಮತ್ತು ಕೀವ್ ಎರಡರ ಜೊತೆಗೂ ಮಾತಾಡಿ ದಾರಿ ಬಿಡಿಸಿಕೊಂಡದ್ದರಿಂದ. ಇನ್ನು ಬುಖಾರೆಸ್ಟ್, ಬುಡಾಪೆಸ್ಟ್, ವಾರ್ಸಾ, ಬ್ರಾಟಿಸ್ಲಾವಾದ ನಮ್ಮ ಕಚೇರಿಗಳು ಗಡಿಯ ಮೇಲೆ ಶಿಬಿರ ಹಾಕಿದವು. ವೀಸಾ ಇಲ್ಲದ ಸಾವಿರಾರು ಮಕ್ಕಳನ್ನು ಒಳಗೆ ಬಿಡಿ ಎಂದು ರೊಮೇನಿಯಾ, ಹಂಗೇರಿ, ಪೋಲೆಂಡ್, ಸ್ಲೊವಾಕಿಯಾ ಸರ್ಕಾರಗಳನ್ನು ಒಪ್ಪಿಸಬೇಕಾಗಿತ್ತು. ಅವು ಒಪ್ಪಿದವು. ‘ಆಪರೇಷನ್ ಗಂಗಾ’ ವಿಮಾನಗಳು ಅಲ್ಲಿಂದ ಹಾರಿದವು. ಆ ನಾಲ್ಕು ಊರುಗಳ ಕಚೇರಿಗಳ ಹೆಸರು ಅದಕ್ಕೆ ಮೊದಲು ನಮ್ಮ ಜಿಲ್ಲೆಗಳಲ್ಲಿ ಯಾರೂ ಕೇಳಿರಲಿಲ್ಲ. ಶಾಂತಿಯ ದಿನಗಳಲ್ಲಿ ಅಲ್ಲಿಯವರು ಗಳಿಸಿಟ್ಟ ಸಲುಗೆ ಆ ಹದಿನೈದು ದಿನಗಳಲ್ಲಿ ಖರ್ಚಾಯಿತು.

ಹೀಗಾಗಿಯೇ ನನಗೊಂದು ಕಳವಳ ಇದೆ. ಭಾರತಕ್ಕೆ ಜಗತ್ತಿನಾದ್ಯಂತ ಸುಮಾರು 200 ರಾಯಭಾರ ಕಚೇರಿಗಳು, ಹೈಕಮಿಷನ್‌ಗಳು, ಕಾನ್ಸುಲೇಟ್‌ಗಳು ಇವೆ. ಅವುಗಳಿಗೂ ದಿಲ್ಲಿಗೂ ಸೇರಿ ವಿದೇಶಾಂಗ ಸೇವೆಯ ಅಧಿಕಾರಿಗಳು ಸಾವಿರದ ಆಸುಪಾಸು. ನೂರ ನಲವತ್ತು ಕೋಟಿ ಜನರ ದೇಶಕ್ಕೆ ಇದು ತೀರ ಕಡಿಮೆ. ನಿಮ್ಮಲ್ಲಿ ಐಎಎಸ್ ಕನಸಿನವರು ಬಹಳ ಜನ ಇದ್ದೀರಿ, ಅದೇ ಪರೀಕ್ಷೆಯಿಂದ ಐಎಫ್‌ಎಸ್‌ಗೂ ಹೋಗಬಹುದು. ಆ ಸೇವೆಗೆ ಸೇರಿದ ದೇಶದ ಮೊದಲ ಮಹಿಳೆ ವಿರಾಜಪೇಟೆಯ ಸಿ. ಬಿ. ಮುತ್ತಮ್ಮ, 1949ರಲ್ಲಿ. ಮದುವೆಯಾಗಲು ಹೆಣ್ಣು ಅಧಿಕಾರಿ ಸರ್ಕಾರದ ಅಪ್ಪಣೆ ಪಡೆಯಬೇಕೆಂಬ ನಿಯಮದ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರ ಆ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಹುಡುಕಿ ಓದಿ.

ಉಪನ್ಯಾಸ ಮುಗಿದ ಮೇಲೆ ಕಾನೂನು ಓದುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಸರ, ನಮ್ಮವರಿಗೆ ಅಲ್ಲಿ ಇರೋ ಹಕ್ಕು, ಅವರ ಮಂದಿಗೆ ಇಲ್ಲೂ ಇರತದೇನ್ರಿ? ಹುಬ್ಬಳ್ಳ್ಯಾಗ ಒಬ್ಬ ವಿದೇಶಿ ಹುಡುಗನ್ನ ಅರೆಸ್ಟ್ ಮಾಡಿದ್ರ?’

ಒಳ್ಳೆಯ ಪ್ರಶ್ನೆ ತಂಗಿ, ಇದನ್ನು ನಾನೇ ಹೇಳಬೇಕಿತ್ತು ಎಂದೆ. ಬೇಹುಗಾರನೆಂದು ಆರೋಪಿಸಿ ಪಾಕಿಸ್ತಾನ ಸೆರೆಯಲ್ಲಿಟ್ಟ ಭಾರತೀಯ ಕುಲಭೂಷಣ್ ಜಾಧವ್ ಅವರ ಪ್ರಕರಣ ನೋಡಿ. 2016ರ ಮಾರ್ಚ್ 3ರಂದು ಪಾಕಿಸ್ತಾನ ಅವರನ್ನು ಹಿಡಿಯಿತು, ಭಾರತಕ್ಕೆ ತಿಳಿಸಿದ್ದು 25ಕ್ಕೆ. ನಮ್ಮ ಅಧಿಕಾರಿಗಳು ಭೇಟಿಗೆ ಮತ್ತೆ ಮತ್ತೆ ಕೇಳಿದರೂ ಬಿಡಲಿಲ್ಲ. ಹೇಗ್‌ನ ನ್ಯಾಯಾಲಯ 2019ರ ಜುಲೈ 17ರಂದು, ಇದು 1963ರ ಒಪ್ಪಂದದ 36ನೇ ವಿಧಿಯ ಉಲ್ಲಂಘನೆ ಎಂದಿತು; ಆ ಮೂರು ವಾರದ ತಡವನ್ನೂ ಉಲ್ಲಂಘನೆ ಎಂದೇ ಎಣಿಸಿತು. 16 ನ್ಯಾಯಮೂರ್ತಿಗಳಲ್ಲಿ 15 ಮಂದಿ ನಮ್ಮ ಪರ. ನಾವು ಅಲ್ಲಿ ವಾದಿಸಿ ಗೆದ್ದ ಆ ವಿಧಿ ಹುಬ್ಬಳ್ಳಿಯ ಠಾಣೆಗೂ ಅಷ್ಟೇ ಅನ್ವಯ. ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಆಫ್ರಿಕಾದ, ಅಫ್ಘಾನಿಸ್ತಾನದ ಮಕ್ಕಳು ಓದಿದ್ದಾರೆ, ಓದುತ್ತಿದ್ದಾರೆ. ಅವರಲ್ಲಿ ಯಾರನ್ನಾದರೂ ಬಂಧಿಸಿದರೆ, ನಿಮ್ಮ ದೇಶದ ಕಚೇರಿಗೆ ತಿಳಿಸಬೇಕೆಂದು ಕೇಳುವ ಹಕ್ಕು ನಿನಗಿದೆ ಎಂದು ಪೊಲೀಸರು ತಡಮಾಡದೆ ಹೇಳಬೇಕು. ಅವನು ಹೂಂ ಎಂದರೆ ತಿಳಿಸಬೇಕು. ಅವನು ಬರೆದ ಪತ್ರ ಮುಟ್ಟಿಸಬೇಕು. ಆ ಕಚೇರಿಯವರು ಬಂದರೆ ಭೇಟಿಗೆ ಬಿಡಬೇಕು, ವಕೀಲರನ್ನು ಗೊತ್ತು ಮಾಡಲು ಬಿಡಬೇಕು.

‘ಪೊಲೀಸರು ಹೇಳದಿದ್ರ ಸರ?’ ಎಂದಳು. ಆಗ ಅವನ ವಕೀಲರು ಜಾಮೀನಿನ ಮೊದಲ ದಿನವೇ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ಎತ್ತಬೇಕು, ಆ ವಕೀಲಳು ನೀನೇ ಆಗಿರಬಹುದು ಎಂದೆ.